ಕಪ್ಪು ಹನ್ನೆರಡು, ಬಿಳಿ ಎರಡು

ಮುಟ್ಟಿ ನೋಡಿ, ಮುಟ್ಟಿದ್ದಕ್ಕೆ ದುಡ್ಡಿಲ್ಲ.
ಕಪ್ಪಾದರೆ ಹನ್ನೆರಡು ಯೂರೋ, ಬಿಳಿಯಾದರೆ ಎರಡು.
ಮಿಲಾತ್ಸೊ ಬೋಟಿಗೆ ಇನ್ನೂ ಇಪ್ಪತ್ತು ನಿಮಿಷ,
ಅಷ್ಟರಲ್ಲಿ ವ್ಯತ್ಯಾಸ ಹೇಳು ಅಂತೀರಿ.
ಹೇಳೋಣ. ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು.

ಗಾಜುಗಲ್ಲು: ಆವಿಯೆಲ್ಲ ಸೋರಿಹೋದ ಶಿಲಾರಸ
ಹರಳುಗಟ್ಟಲೂ ಪುರುಸೊತ್ತಿಲ್ಲದೆ ಥಟ್ಟನೆ ಆರಿ ಆದದ್ದು.
ನೊರೆಗಲ್ಲು: ಅದೇ ಶಿಲಾರಸ, ಅದೇ ಅವಸರ,
ಒಳಗಿನ ಆವಿ ಉಕ್ಕಿ ಗುಳ್ಳೆಗುಳ್ಳೆಯಾಗಿ
ಗುಳ್ಳೆ ಒಡೆದು ಮುಗಿಯುವ ಮೊದಲೇ ಹೆಪ್ಪಾದದ್ದು.
ಟೀಚರ್ ಕಲೋಜೆರಾ ಕೋಲೆತ್ತಿ ಕಿಟಕಿಯಾಚೆ ತೋರುತ್ತಿದ್ದರು:
ಬೆಟ್ಟದ ಒಂದು ಹೆಗಲು ಕಪ್ಪು, ಇನ್ನೊಂದು ಬಿಳಿ,
ಒಂದೇ ಬಸಿರು, ಎರಡು ಹೆರಿಗೆ.
ಪರೀಕ್ಷೆಗೆ ಅಷ್ಟು ಸಾಕಿತ್ತು.

ಹಾಲು ಕಾಯಿಸಿದವರಿಗೆ ಅದೂ ಬೇಕಿಲ್ಲ.
ಮೊದಲು ಉಕ್ಕಿ ಒಲೆಯ ತುಂಬ ಚೆಲ್ಲಿದ್ದು ಬಿಳಿಯದು.
ಆರ್ಭಟ ಇಳಿದ ಮೇಲೆ, ತಳದಲ್ಲಿ ಉಳಿದದ್ದು
ಜೇನಿಗಿಂತ ನಿಧಾನ ತೆವಳಿ ಬಂತಲ್ಲ, ಅದು ಕರಿಯದು.
ಹಾಗಾಗಿ ಇಲ್ಲಿ ಬಿಳಿಯದೇ ಅಕ್ಕ.
ಕೊಳ್ಳುವವರು ಮಾತ್ರ ಕರಿಯದನ್ನೇ ಹಿರಿಯಳು ಅಂದುಕೊಳ್ಳುತ್ತಾರೆ;
ತೂಕ ಇದ್ದವರಿಗೆ ಮಣೆ ಹಾಕುವುದು ವಾಡಿಕೆ.

ನನ್ನಪ್ಪ ಲಿಬೋರಿಯೊ ಬಿಳಿಯ ಕಡೆಯವನು.
ಹದಿಮೂರಕ್ಕೇ ಅಕ್ವಾಕಾಲ್ದದ ಗಣಿಗೆ ಇಳಿದವನು.
ಸಂಜೆ ಬಂದರೆ ಬಾಗಿಲಲ್ಲೇ ನಿಲ್ಲಿಸಿ
ಅವ್ವ ಅವನನ್ನು ಪೊರಕೆಯಿಂದ ಗುಡಿಸುತ್ತಿದ್ದಳು,
ಆಮೇಲಷ್ಟೇ ಹುಬ್ಬು ಕಾಣುತ್ತಿತ್ತು.
ನನ್ನ ಸ್ನಾನದ ತೊಟ್ಟಿಯಲ್ಲಿ ಕಲ್ಲಿನ ದೋಣಿ ಬಿಡುತ್ತಿದ್ದ,
ಬೆಂಕಿಕಡ್ಡಿಯ ಪಟಗಂಬ, ಒಂದೊಂದಕ್ಕೂ ಒಂದೊಂದು ಹೆಸರು.
"ನೋಡು, ಲೋಕದಲ್ಲಿ ಮುಳುಗದ ಕಲ್ಲು ನಮ್ಮದು."
ಅವನ ಐವತ್ತೊಂದನೇ ವಯಸ್ಸಿಗೆ ಮೆಸ್ಸೀನಾದ ಡಾಕ್ಟರು
ಎಕ್ಸ್-ರೇಯನ್ನು ಬೆಳಕಿಗೆ ಹಿಡಿದಾಗ
ಎದೆಗೂಡಿನಲ್ಲಿ ಅದೇ ಬಿಳುಪು, ಬೆಟ್ಟದ ಬಿಳುಪು.
ನುಣ್ಣಗೆ ಅರೆದರೆ ಅದು ತೇಲುವುದಿಲ್ಲ.
ಬಾಯಿಪಾಠದಲ್ಲಿ ಆ ಸಾಲು ಇರಲಿಲ್ಲ.

ಅವ್ವ ಅಳಲಿಲ್ಲ. ಕರಿಗಲ್ಲು ಅಂದರು ಓಣಿಯವರು.
ನಾನೂ ಅಂದುಕೊಂಡೆ. ಹದಿನೇಳು ವರ್ಷದವಳು,
ಜನರನ್ನು ಎರಡೇ ಕಲ್ಲಾಗಿ ವಿಂಗಡಿಸಿ ಇಟ್ಟಿದ್ದೆ.

ಆ ಚಳಿಗಾಲ ಮಾವ ಒನೋಫ್ರಿಯೊನ ಅಂಗಡಿಯಲ್ಲಿ
ಮಣಿಯ ಮೊನೆ ಕರಗಿಸಿ ದುಂಡಗೆ ಮಾಡೋಣವೆಂದು
ಕರಿಯ ಚೂರೊಂದನ್ನು ಇಕ್ಕಳದಲ್ಲಿ ಹಿಡಿದು
ಗ್ಯಾಸ್ ಉರಿಗೆ ಒಡ್ಡಿದೆ.
ಕೆಂಪಾಯಿತು. ಸುಮ್ಮನಿತ್ತು.
ಆಮೇಲೆ ನೋಡನೋಡುತ್ತ ಉಬ್ಬತೊಡಗಿತು,
ಜೋಳ ಅರಳಾದ ಹಾಗೆ, ಬೆಳ್ಳಗೆ, ಕೊಳಕು ಬಿಳಿ, ಗುಳ್ಳೆಗುಳ್ಳೆ.
ಇಕ್ಕಳ ಕೈಬಿಟ್ಟೆ.
ಸೋರಿಹೋಗಿದೆ ಎಂದಿದ್ದರಲ್ಲ ಆವಿ,
ಎಲ್ಲವೂ ಹೋಗಿರಲಿಲ್ಲ;
ಅಷ್ಟು ಕಾಲ ಒಂದು ಗುಟುಕು ಉಸಿರನ್ನು
ಹಾಗೇ ಬಿಗಿಹಿಡಿದು ಕೂತಿತ್ತು.

ಅದರ ಮರುವಾರ ಪರಿಹಾರದ ಕಚೇರಿ.
ಗುಮಾಸ್ತ ಪೆನ್ನಿನ ಮುಚ್ಚಳ ಕಚ್ಚುತ್ತ ಕೇಳಿದ:
"ಧೂಳು ಅಂತೀರಿ. ಎಂಥ ಧೂಳು? ಎಷ್ಟು?"
ಅವ್ವ ಚೀಲದಿಂದ ಆ ಪೊರಕೆ ತೆಗೆದಳು,
ಮನೆಯಿಂದ ತಂದಿದ್ದಾಳೆಂದು ನನಗೂ ಗೊತ್ತಿರಲಿಲ್ಲ,
ಅವನ ಲೆಡ್ಜರುಗಳ ಮೇಲೆ ಝಾಡಿಸಿದಳು,
ಒಮ್ಮೆ, ಮತ್ತೊಮ್ಮೆ, ಓಣಿಗೆಲ್ಲ ಕೇಳುವಂಥ ದನಿಯಲ್ಲಿ
"ಇಂಥದ್ದು! ಇಷ್ಟು!"
ಮೇಜು ಬೆಳ್ಳಗಾಯಿತು, ಅವನ ಮೀಸೆಯೂ.
ದುಡ್ಡು ಬಂತೇ? ಬಂತು, ಆರು ವರ್ಷಕ್ಕೆ, ಅರ್ಧ.

ಅಗೋ, ಬೋಟಿನ ಸೀಟಿ.
ಬಿಳಿಯದೇ ಒಯ್ಯಿರಿ, ಹಿಮ್ಮಡಿ ತಿಕ್ಕಲು ಒಳ್ಳೆಯದು.
ಒದ್ದೆ ಮಾಡಿಕೊಂಡೇ ತಿಕ್ಕಿ, ಒಣಗಿದ್ದಾಗ ಬೇಡ,
ಪುಡಿ ಹಾರಿದರೆ ಮುಖ ಆಚೆ ತಿರುಗಿಸಿ.
ಐದರ ನೋಟೇ? ತಡೆಯಿರಿ, ಚಿಲ್ಲರೆ ಹುಡುಕುತ್ತೇನೆ.